ಶಾರ್ಕಿಗೆ ಪಾಠ ಹೇಳಿದ ಯೂಜಿನಿ ಕ್ಲಾರ್ಕ್

ಶಾರ್ಕಿಗೆ ಹಸಿವೊಂದೇ ಗೊತ್ತು, ಬುದ್ಧಿಯಿಲ್ಲ ಎಂದು ಜನ ನಂಬಿದ್ದ ಕಾಲವದು. 1955ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಪುಟ್ಟ ಪ್ರಯೋಗಾಲಯ ತೆರೆದ ಯೂಜಿನಿ ಕ್ಲಾರ್ಕ್ ಆ ನಂಬಿಕೆಯನ್ನೇ ಪರೀಕ್ಷೆಗೊಡ್ಡಿದರು. ನೀರಿಗೆ ಹಲಗೆಯೊಂದನ್ನು ಇಳಿಬಿಟ್ಟರು. ಲೆಮನ್ ಶಾರ್ಕ್ ಅದನ್ನು ಮೂತಿಯಿಂದ ಒತ್ತಿದರೆ ಗಂಟೆ ಮೊಳಗುತ್ತಿತ್ತು, ಮೀನಿನ ತುಂಡು ಸಿಗುತ್ತಿತ್ತು. ಚಳಿಗಾಲದ ಬಿಡುವು ಕಳೆದ ಮೇಲೂ ಶಾರ್ಕ್‌ಗಳು ಪಾಠ ಮರೆತಿರಲಿಲ್ಲ!

ಅವರ ಇನ್ನೊಂದು ಶೋಧ ಇದಕ್ಕಿಂತ ಸೊಗಸು. ಕೆಂಪು ಸಮುದ್ರದ ಮೋಸೆಸ್ ಸೋಲ್ ಒಂದು ಚಪ್ಪಟೆ ಮೀನು. ನಮ್ಮ ಕರಾವಳಿಯ ನಂಗಿಗೆ ದೂರದ ನೆಂಟ. ಹಿಡಿದಾಗ ರೆಕ್ಕೆಯ ಬುಡದಿಂದ ಹಾಲಿನಂಥ ದ್ರವ ಒಸರಿ ಕ್ಲಾರ್ಕ್ ಬೆರಳು ಜುಮ್ಮೆಂದಿತು. ತೊಟ್ಟಿಯಲ್ಲಿ ಅದನ್ನು ಕಚ್ಚಹೋದ ಶಾರ್ಕಂತೂ ತೆರೆದ ಬಾಯಿ ಮುಚ್ಚಲಾಗದೆ ತಲೆ ಕೊಡವಿ ಹಿಮ್ಮೆಟ್ಟಿತು.

ತೊಂಬತ್ತು ದಾಟಿದ ಮೇಲೂ ಕ್ಲಾರ್ಕ್ ಕಡಲಿಗೆ ಧುಮುಕುತ್ತಲೇ ಇದ್ದರು. ತೀರಿಕೊಂಡದ್ದು 2015ರಲ್ಲಿ.