ವಂಚಕನ ಕಥೆಯೂ ನೋಡುಗರ ಮನಸ್ಸೂ

ಕಳ್ಳನ ಕಥೆಗೆ ಕೇಳುಗರ ಬರ ಎಂದೂ ಬಂದದ್ದಿಲ್ಲ. ಅಜ್ಜಿಯ ಕಥೆಯಲ್ಲಿ ಅರಸನ ಬೊಕ್ಕಸಕ್ಕೆ ಕನ್ನ ಹಾಕಿದ ಜಾಣ ಕಳ್ಳ ಕಡೆಗೆ ಅರಸನ ಅಳಿಯನೇ ಆಗಿಬಿಡುತ್ತಾನೆ. ಕೇಳುವ ಮಗು ಕೈತಟ್ಟಿ ನಗುತ್ತದೆ. ಆ ಮಗುವಿನದು ತಪ್ಪೆಂದು ಯಾರೂ ಹೇಳರು. ಬೊಕ್ಕಸವೂ ಕಥೆಯದು, ಕಳ್ಳನೂ ಕಥೆಯವನು. ಆದರೆ ಕನ್ನ ನಿಜವಾಗಿಯೇ ಬಿದ್ದು, ಹೋದದ್ದು ನಮ್ಮ ನಿಮ್ಮಂಥವರ ಗಂಟಾದಾಗಲೂ ನೋಡುಗರು ಹಾಗೆಯೇ ಕೈತಟ್ಟಿದರೆ ಏನೆನ್ನಬೇಕು?

ಈ ಪ್ರಶ್ನೆಯನ್ನು ಎಬ್ಬಿಸಿದ್ದು ‘ಸ್ಕ್ಯಾಮ್ 1992: ದಿ ಹರ್ಷದ್ ಮೆಹ್ತಾ ಸ್ಟೋರಿ’ ಎಂಬ ಹಿಂದೀ ಧಾರಾವಾಹಿ. ಹನ್ಸಲ್ ಮೆಹ್ತಾ ಅವರು ನಿರ್ದೇಶಿಸಿದ ಇದು 2020ರ ಅಕ್ಟೋಬರಿನಲ್ಲಿ ಸೋನಿ ಲಿವ್ ಮೂಲಕ ಹತ್ತು ಕಂತುಗಳಾಗಿ ಮನೆಮನೆಯ ಪರದೆಗೆ ಬಂತು. ಜನ ಇದನ್ನು ಮೆಚ್ಚಿದರು ಎಂದರೆ ಸಾಲದು. ಇದರ ನಾಯಕನನ್ನು ತಮ್ಮವನನ್ನಾಗಿ ಮಾಡಿಕೊಂಡರು. ಅದರ ಸಂಗೀತ ಫೋನುಗಳಲ್ಲಿ ಮೊಳಗಿತು. ಅಪಾಯವನ್ನೂ ಪ್ರೇಮವನ್ನೂ ಜೋಡಿಸಿ ನಾಯಕ ಆಡುವ ಒಂದು ಮಾತು ಗಾದೆಯಂತೆ ಬಾಯಿಂದ ಬಾಯಿಗೆ ಹರಿಯಿತು. ಪರಿಚಯದ ತರುಣನೊಬ್ಬ ನನ್ನೊಡನೆ ಹೇಳಿದ: ‘ಎಂಥ ತಲೆ ಸಾರ್ ಅವನದು! ದೊಡ್ಡವರೆಲ್ಲ ಸೇರಿ ಅವನೊಬ್ಬನನ್ನು ಬಲಿಕೊಟ್ಟರು.’ ಆ ತರುಣ ಒಳ್ಳೆಯವನು. ಅಂಗಡಿಯವನು ಹೆಚ್ಚಿಗೆ ಕೊಟ್ಟ ಹತ್ತು ರೂಪಾಯಿಯನ್ನು ಹಿಂದಿರುಗಿ ಹೋಗಿ ಕೊಟ್ಟುಬರುವವನು. ಆದ್ದರಿಂದಲೇ ಅವನ ಮಾತು ವಿಚಾರ ಮಾಡತಕ್ಕದ್ದು.

ಮೊದಲು, ನಡೆದದ್ದೇನು? ಬ್ಯಾಂಕುಗಳು ತಮ್ಮ ಠೇವಣಿಯ ಒಂದು ಭಾಗವನ್ನು ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕೆಂದು ಕಟ್ಟಳೆಯಿದೆ. ಕೈಯಲ್ಲಿ ಹಣ ಸಾಲದ ಬ್ಯಾಂಕು, ಕೆಲವು ದಿನಗಳಲ್ಲಿ ಮರಳಿ ಕೊಳ್ಳುವ ಕರಾರಿನ ಮೇಲೆ, ಇಂಥ ಪತ್ರಗಳನ್ನು ಇನ್ನೊಂದು ಬ್ಯಾಂಕಿಗೆ ಮಾರುತ್ತಿತ್ತು. ನಡುವೆ ದಲ್ಲಾಳಿ. ಸಾಲಪತ್ರದ ಬದಲಿಗೆ ‘ಬ್ಯಾಂಕ್ ರಸೀದಿ’ ಎಂಬ ಒಂದು ಚೀಟಿ ಕೈಬದಲಾಯಿಸಿದರೆ ಸಾಕು ಎಂಬ ರೂಢಿ ಬೆಳೆದಿತ್ತು. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗಬೇಕಾದ ಚೆಕ್ಕು ದಲ್ಲಾಳಿಯ ಖಾತೆಗೆ ಹೋಯಿತು. ಬ್ಯಾಂಕ್ ಆಫ್ ಕರಾಡ್, ಮೆಟ್ರೊಪಾಲಿಟನ್ ಸಹಕಾರಿ ಬ್ಯಾಂಕುಗಳಂಥ ಚಿಕ್ಕ ಸಂಸ್ಥೆಗಳಿಂದ, ಹಿಂದೆ ಯಾವ ಸಾಲಪತ್ರವೂ ಇಲ್ಲದ ಬರಿಯ ರಸೀದಿಗಳು ಹೊರಟವು. ಹೀಗೆ ಬಂದ ಹಣ ಷೇರುಪೇಟೆಗೆ ಹರಿಯಿತು. ಸುಮಾರು 200 ರೂಪಾಯಿಯಲ್ಲಿದ್ದ ಎ.ಸಿ.ಸಿ. ಸಿಮೆಂಟ್ ಕಂಪನಿಯ ಷೇರು 9,000ದ ಸಮೀಪಕ್ಕೆ ಏರಿತು. 1992ರ ಏಪ್ರಿಲ್ 23ರಂದು ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಸುಚೇತಾ ದಲಾಲ್ ಅವರ ವರದಿ ಬಂದಮೇಲೆ ಬಲೂನು ಒಡೆಯಿತು. ಜಾನಕಿರಾಮನ್ ಸಮಿತಿ ಲೆಕ್ಕ ಹಾಕಿದಾಗ ತೊಡಕಿಗೆ ಸಿಕ್ಕ ಮೊತ್ತ 4,000 ಕೋಟಿ ರೂಪಾಯಿಗಳನ್ನು ಮೀರಿತ್ತು. ಇದೆಲ್ಲ ಮುಂಬಯಿಯ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾದ ಹೆಸರೂ ಆ ವರದಿಗಳಲ್ಲಿ ಬಂದಿತ್ತು.

ಇಷ್ಟು ಒಣ ವಿಷಯವನ್ನು ಕುತೂಹಲ ಕೆಡದಂತೆ ಹೇಳಿರುವುದು ಧಾರಾವಾಹಿಯ ಹೆಚ್ಚುಗಾರಿಕೆ. ಗುಜರಾತಿ ರಂಗಭೂಮಿಯಿಂದ ಬಂದ ಪ್ರತೀಕ್ ಗಾಂಧಿ ಅವರ ಅಭಿನಯ ನಿಜವಾಗಿಯೂ ದೊಡ್ಡದು. ಚಿಕ್ಕ ಮನೆಯ ಬಡತನದಿಂದ ಹೊರಟು, ಅಣ್ಣತಮ್ಮಂದಿರ ಬೆಂಬಲದಿಂದ ಮೇಲೇರಿ, ಇಂಗ್ಲಿಷಿನ ಠೀವಿಯ ವಿದೇಶೀ ಬ್ಯಾಂಕುಗಳವರ ಎದುರು ಎದೆಯೊಡ್ಡಿ ನಿಂತವನನ್ನು ಕಂಡರೆ ಯಾರ ಮನಸ್ಸು ಅತ್ತ ವಾಲದು? ಅವಮಾನ ಉಂಡವನು ಗೆದ್ದರೆ ನಮಗೂ ಗೆದ್ದಷ್ಟೇ ಹಿಗ್ಗು. ಅವನ ಅಪರಾಧವನ್ನು ನಿರ್ದೇಶಕರು ಮುಚ್ಚಿಟ್ಟಿಲ್ಲ; ಅದನ್ನು ಬಯಲಿಗೆಳೆದ ಪತ್ರಕರ್ತೆಗೂ ಗೌರವದ ಸ್ಥಾನ ಕೊಟ್ಟಿದ್ದಾರೆ. ಹಾಗಿದ್ದೂ ನೋಡುಗರ ಒಲವೆಲ್ಲ ಅವನ ಕಡೆಗೇ ಹರಿಯಿತು. ಏಕೆ?

ಉತ್ತರ ಮೂಲಗ್ರಂಥದ ಹೆಸರಿನಲ್ಲೇ ಇದೆಯೆಂದು ನನಗೆ ತೋರುತ್ತದೆ. ದೇಬಶಿಷ್ ಬಸು, ಸುಚೇತಾ ದಲಾಲ್ ಇಬ್ಬರೂ ಬರೆದ ಆ ಪುಸ್ತಕದ ಶೀರ್ಷಿಕೆ ಮೂರು ಪ್ರಶ್ನೆಗಳನ್ನು ಹೂಡುತ್ತದೆ: ಗೆದ್ದವರು ಯಾರು, ಸೋತವರು ಯಾರು, ಪಾರಾದವರು ಯಾರು? ಧಾರಾವಾಹಿ ಮೊದಲನೆಯದಕ್ಕೂ ಮೂರನೆಯದಕ್ಕೂ ಹುರುಪಿನಿಂದ ಉತ್ತರ ಕೊಡುತ್ತದೆ. ನಡುವಣ ಪ್ರಶ್ನೆ ಅಂಚಿಗೆ ಸರಿಯುತ್ತದೆ. ಅಂದು 4,400ರ ಮೇಲಿದ್ದ ಷೇರು ಸೂಚ್ಯಂಕ ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಮೆ ಅರ್ಧಕ್ಕೆ ಕುಸಿಯಿತು. ಏರುಪೇಟೆಯ ಕೊನೆಗೆ ಬಂದು ಕೈಹಾಕಿದವರು ಸಣ್ಣ ಸಂಬಳದವರು, ನಿವೃತ್ತರು. ಇನ್ನೂ ವಿಚಿತ್ರವಾದ ಪಾಡು ‘ಕಳಂಕಿತ ಷೇರು’ ಕೊಂಡವರದು. ದಲ್ಲಾಳಿಗಳ ಆಸ್ತಿಯನ್ನು ಸರ್ಕಾರ ಜಪ್ತಿ ಮಾಡಿದಾಗ, ಹಿಂದೆ ಅವರ ಕೈದಾಟಿ ಬಂದಿದ್ದ ಷೇರುಗಳೂ ಅದರಲ್ಲಿ ಸೇರಿದವು. ಪೇಟೆಯಲ್ಲಿ ನ್ಯಾಯವಾಗಿ ಹಣ ಕೊಟ್ಟು ಕೊಂಡವನು ಅವುಗಳನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲೂ ಆಗದೆ, ಮಾರಲೂ ಆಗದೆ, ವರ್ಷಗಟ್ಟಲೆ ಕಾಗದ ಹಿಡಿದು ಕಾದ. ಕದ್ದವನ ಕಷ್ಟಕ್ಕೆ ಹತ್ತು ಕಂತುಗಳಿದ್ದರೆ, ಇವನ ಕಷ್ಟಕ್ಕೆ ಒಂದು ಕಂತಾದರೂ ಬೇಡವೆ?

ತಪ್ಪಿತಸ್ಥನ ಬಗ್ಗೆ ಮರುಕ ಹುಟ್ಟಿಸಬಾರದೆಂದು ನನ್ನ ವಾದವಲ್ಲ. ಆ ವಾದ ಕನ್ನಡಿಗರ ಬಾಯಲ್ಲಿ ಒಪ್ಪುವುದೂ ಇಲ್ಲ. ನಾಗಚಂದ್ರನ ರಾವಣನಲ್ಲಿ ದುರಂತ ನಾಯಕನನ್ನು ಬಿ. ಎಂ. ಶ್ರೀ. ಅವರು ನಮಗೆ ತೋರಿಸಿಕೊಟ್ಟರು. ರನ್ನನ ದುರ್ಯೋಧನನಿಗಾಗಿ ನಾವು ಕಣ್ಣೀರು ಮಿಡಿದಿದ್ದೇವೆ. ಆದರೆ ಆ ಕಣ್ಣೀರನ್ನು ಕವಿಗಳು ಸುಮ್ಮನೆ ಪಡೆಯಲಿಲ್ಲ. ನಾಗಚಂದ್ರನ ರಾವಣನಿಗೆ ಸೀತೆಯ ದುಃಖ ಕಣ್ಣಿಗೆ ಬಿದ್ದು ತನ್ನ ತಪ್ಪು ತನಗೇ ಕಾಣುತ್ತದೆ. ರನ್ನ ತನ್ನ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಒಬ್ಬೊಬ್ಬರಾಗಿ ಅವನ ಕಾಲಬಳಿ ಬಿದ್ದಿದ್ದಾರೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ಅವನು ನಿಲ್ಲಬೇಕು. ತನ್ನ ಛಲದ ಬೆಲೆಯನ್ನು ಅವನು ಕಂಡಮೇಲೆಯೇ ನಮ್ಮ ಮರುಕಕ್ಕೆ ಪಾತ್ರನಾಗುತ್ತಾನೆ. ‘ಸ್ಕ್ಯಾಮ್ 1992’ರ ನಾಯಕ ಇಂಥ ರಣರಂಗದಲ್ಲಿ ನಡೆಯುವುದೇ ಇಲ್ಲ. ನಾವೂ ನಡೆಯುವುದಿಲ್ಲ. 1999ರಲ್ಲಿ ಒಂದು ಮೊಕದ್ದಮೆಯಲ್ಲಿ ಐದು ವರ್ಷಗಳ ಶಿಕ್ಷೆಗೆ ಗುರಿಯಾಗಿ, 2001ರ ಕೊನೆಯ ದಿನ, 47ರ ಹರೆಯದಲ್ಲಿ, ಬಂಧನದಲ್ಲಿದ್ದಾಗಲೇ ಆತ ಸತ್ತದ್ದು ದುಃಖದ ಸಂಗತಿ. ಆದರೆ ಆ ಒಂದೇ ಸಾವನ್ನು ಕಂಡು ಬಂದ ನೋಡುಗ, ನನ್ನ ತರುಣ ಮಿತ್ರನಂತೆ, ಅವನನ್ನು ಬಲಿಪಶುವೆಂದೇ ತಿಳಿದರೆ ಆಶ್ಚರ್ಯವೇನು?

ಬೇರೆ ರೀತಿಯಲ್ಲಿ ಹೇಳಲು ಬರುತ್ತದೆಯೆ? ಬರುತ್ತದೆ. 2024ರ ಜನವರಿಯಲ್ಲಿ ಬ್ರಿಟನ್ನಿನ ಐ.ಟಿ.ವಿ. ‘ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್’ ಎಂಬ ನಾಲ್ಕು ಕಂತುಗಳ ನಾಟಕವನ್ನು ತೋರಿಸಿತು. ಹೊರೈಜನ್ ಎಂಬ ಗಣಕವ್ಯವಸ್ಥೆಯ ತಪ್ಪು ಲೆಕ್ಕವನ್ನು ನಂಬಿ, ಹಣ ಕದ್ದರೆಂದು 900ಕ್ಕೂ ಹೆಚ್ಚು ಮಂದಿ ಊರ ಅಂಚೆ ಕಚೇರಿ ನಡೆಸುವವರಿಗೆ ಶಿಕ್ಷೆಯಾಗಿದ್ದ ಕಥೆ ಅದು. ವಿಷಯ ಹೊಸದಲ್ಲ. 2009ರಲ್ಲಿಯೇ ಪತ್ರಿಕೆಯಲ್ಲಿ ಬಂದಿತ್ತು. 2019ರಲ್ಲಿ ನ್ಯಾಯಾಲಯದ ತೀರ್ಪೂ ಆಗಿತ್ತು. ಆದರೆ ನಾಟಕ ನಿಂತದ್ದು ಕಳೆದುಕೊಂಡವರ ಅಡಿಗೆಮನೆಯಲ್ಲಿ, ಅವರ ಲೆಕ್ಕದ ಮೇಜಿನ ಬಳಿ. ನೋಡಿದವರು ಸಿಟ್ಟಿಗೆದ್ದರು. ಹತ್ತೇ ದಿನಗಳಲ್ಲಿ ಪ್ರಧಾನಿ ಹೊಸ ಕಾನೂನಿನ ಮಾತಾಡಬೇಕಾಯಿತು. ಮೇ ತಿಂಗಳಲ್ಲಿ ಆ ಶಿಕ್ಷೆಗಳನ್ನು ರದ್ದುಮಾಡುವ ಶಾಸನವೇ ಬಂತು. ಅಲ್ಲಿಯ ಜನ ನಮಗಿಂತ ಹೆಚ್ಚು ನೀತಿವಂತರೆಂದು ಇದರ ಅರ್ಥವಲ್ಲ. ಕಥೆ ಯಾರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆಯೋ ನೋಡುಗನೂ ಅವರ ಪಕ್ಕದಲ್ಲೇ ಕುಳಿತುಕೊಳ್ಳುತ್ತಾನೆ, ಅಷ್ಟೆ.

2023ರಲ್ಲಿ ಇದೇ ಮಾಲೆಯಲ್ಲಿ ನಮ್ಮ ಖಾನಾಪುರದಲ್ಲಿ ಹುಟ್ಟಿದ ತೆಲಗಿಯ ನಕಲಿ ಛಾಪಾಕಾಗದದ ಕಥೆಯೂ ಬಂತು. ಅಲ್ಲಿಯೂ ನಡುವೆ ನಿಂತವನು ವಂಚಕನೇ. ಇಂಥ ಕಥೆಗಳು ಇನ್ನೂ ಬರುತ್ತವೆ, ಬರಲಿ. ನೋಡಬೇಡಿರೆಂದು ಹೇಳುವುದು ವಿಮರ್ಶಕನ ಕೆಲಸವಲ್ಲ. ಆದರೆ 2020ರ ಮಾರ್ಚಿನಲ್ಲಿ ಸುಮಾರು 4 ಕೋಟಿಯಿದ್ದ ಡಿಮ್ಯಾಟ್ ಖಾತೆಗಳು ಒಂದೇ ವರ್ಷದಲ್ಲಿ ಐದೂವರೆ ಕೋಟಿಯಷ್ಟಾದ ನಾಡು ಇದು. ಈ ಧಾರಾವಾಹಿಗೆ ಕೈತಟ್ಟಿದವರಲ್ಲಿ ಎಷ್ಟೋ ಮಂದಿ ಆಗಷ್ಟೇ ಪೇಟೆಗೆ ಕಾಲಿಟ್ಟವರು. ಕಥೆಯಲ್ಲಿ ತಾವು ಹರ್ಷದ್ ಎಂದುಕೊಂಡರು. ಪೇಟೆಯಲ್ಲಿ ಅವರ ಸ್ಥಾನ, ಕಾಗದ ಹಿಡಿದು ಕಾದವನದು.

ನನ್ನ ತರುಣ ಮಿತ್ರನಿಗೂ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಷೇರು ಕೊಂಡವರಿಗೆ ಕಡೆಗೆ ದುಡ್ಡು ಬಂತೆ ಸಾರ್?’ ಎಂದು ಕೇಳಿದ. ಹತ್ತು ಕಂತುಗಳನ್ನು ನೋಡುವಾಗ ಅವನಿಗೆ ಏಳದಿದ್ದ ಪ್ರಶ್ನೆ ಅದು.