ಕಪ್ಪು ಹೆಗಲಿನ ಮೇಲೆ ಯಾರ ಶಾಲು?

2006ರ ಮೇ 22. ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ ಘಟಿಕೋತ್ಸವ. ವೇದಿಕೆಯ ಮೇಲೆ ಆ ದೇಶದ ಅಂದಿನ ವಿದೇಶಾಂಗ ಕಾರ್ಯದರ್ಶಿ ಕಾಂಡೊಲೀಸಾ ರೈಸ್. ಆಕೆಗೆ ಕಾಲೇಜು ಕಾನೂನಿನ ಗೌರವ ಡಾಕ್ಟರೇಟ್ ಕೊಡುತ್ತಿದೆ. ಸಭೆಯ ಬಹುಪಾಲು ಜನ ಎದ್ದು ಚಪ್ಪಾಳೆ ಹೊಡೆಯುತ್ತಿದ್ದಾರೆ. ಆ ಚಪ್ಪಾಳೆಯ ನಡುವೆ ಸುಮಾರು 50 ವಿದ್ಯಾರ್ಥಿಗಳು ವೇದಿಕೆಗೆ ಬೆನ್ನು ತಿರುಗಿಸಿ ನಿಂತರು. ಕೆಲವರ ಕೈಯಲ್ಲಿ ‘ನನ್ನ ಹೆಸರಿನಲ್ಲಿ ಬೇಡ’ ಎಂಬ ಫಲಕ.

ಇಷ್ಟೇ ನಡೆದದ್ದು. ಕಲ್ಲು ಬೀಳಲಿಲ್ಲ, ಲಾಠಿ ಏಳಲಿಲ್ಲ. ಆದರೆ ಅಪ್ಪ ಅಮ್ಮ ಫೋಟೋ ತೆಗೆಯೋಕೆ ಕಾದು ಕೂತ ದಿನ, ಪದವಿ ಕೊಡುವ ವೇದಿಕೆಗೇ ಬೆನ್ನು ತೋರಿಸೋದು ಸಣ್ಣ ಮಾತಲ್ಲ. ಆ ಬೆನ್ನುಗಳು ಏನು ಹೇಳಿದವು ಅನ್ನೋದನ್ನು ನಾವು ಕೂತು ಓದಬೇಕು. ಯಾಕೆಂದರೆ ರೈಸ್ ಗುಲಾಮರ ಸಂತತಿಯಲ್ಲಿ ಹುಟ್ಟಿ ಆ ಕುರ್ಚಿ ಏರಿದ ಮೊದಲ ಕಪ್ಪು ಹೆಣ್ಣುಮಗಳು. ಕಪ್ಪು ಜನರ ಹೋರಾಟ ನಮಗೆ ಪರದೇಶದ ಸುದ್ದಿಯೇ ಆಗಿರಲಿಲ್ಲ. 1946ರಲ್ಲಿ ಬಾಬಾಸಾಹೇಬರು ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿನ ನೀಗ್ರೋಗಳ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಕಾಣಿಸಿದರು. 1972ರಲ್ಲಿ ಮುಂಬಯಿಯ ಹುಡುಗರು ದಲಿತ್ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡಾಗ ಆ ಹೆಸರು ಬಂದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ. ಹೀಗಾಗಿ ಬಾಸ್ಟನ್ನಿನ ಈ ಜಗಳದಲ್ಲಿ ನಮಗೂ ಪಾಲಿದೆ.

ಬಾಸ್ಟನ್ ಕಾಲೇಜು 1863ರಲ್ಲಿ ಯೇಸುಸಭೆಯ ಪಾದ್ರಿಗಳು ಕಟ್ಟಿದ್ದು. ಪರರಿಗಾಗಿ ಬದುಕುವ ಮನುಷ್ಯರನ್ನು ತಯಾರು ಮಾಡೋದು ತನ್ನ ಧ್ಯೇಯ ಅಂತ ಹೇಳಿಕೊಳ್ಳುವ ಸಂಸ್ಥೆ. ಇರಾಕಿನ ಮೇಲೆ ಯುದ್ಧ ಬೇಡ ಎಂದು 2003ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರೇ ಕೇಳಿಕೊಂಡಿದ್ದರು. ಮೂರೇ ವರ್ಷಕ್ಕೆ ಆ ಯುದ್ಧದ ವಕೀಲೆಗೆ ಅದೇ ಧರ್ಮದ ಕಾಲೇಜು ನಿಲುವಂಗಿ ತೊಡಿಸಲು ಹೊರಟಿತು. ಆಗ ಎರಡು ಪತ್ರಗಳು ಹುಟ್ಟಿದವು.

ಮೊದಲನೆಯದು ದೇವತಾಶಾಸ್ತ್ರ ವಿಭಾಗದ ಕೆನೆತ್ ಹೈಮ್ಸ್ ಮತ್ತು ಡೇವಿಡ್ ಹೋಲೆನ್‌ಬ್ಯಾಕ್ ಬರೆದದ್ದು. ಇಬ್ಬರೂ ಪಾದ್ರಿಗಳು. ಈ ಗೌರವಕ್ಕೆ ರೈಸ್ ಅರ್ಹರಲ್ಲ ಎಂದು ತಲೆಬರಹದಲ್ಲೇ ಹೇಳಿ, ಆಕೆಯ ನೀತಿ ಕಾಲೇಜಿನ ಮೌಲ್ಯಗಳಿಗೇ ವಿರುದ್ಧ ಎಂದು ವಾದಿಸಿದರು. ಅನೇಕ ಅಧ್ಯಾಪಕರು ಸಹಿ ಹಾಕಿದರು. ಎರಡನೆಯದು ಇಂಗ್ಲಿಷ್ ವಿಭಾಗದಲ್ಲಿ ಅರೆಕಾಲಿಕವಾಗಿ ಪಾಠ ಹೇಳುತ್ತಿದ್ದ ಕಥೆಗಾರ ಸ್ಟೀವ್ ಆಲ್ಮಂಡ್ ಬರೆದದ್ದು. ಮೇ 12ರಂದು ‘ಬಾಸ್ಟನ್ ಗ್ಲೋಬ್’ ಪತ್ರಿಕೆಯಲ್ಲಿ ಕಾಲೇಜಿನ ಅಧ್ಯಕ್ಷರಿಗೆ ಬಹಿರಂಗ ಪತ್ರ; ಅದೇ ರಾಜೀನಾಮೆ ಪತ್ರ.

ಮೊದಲನೆಯ ಪತ್ರ ತೂಗಿ ಮಾತಾಡುತ್ತದೆ. ನೀತಿಯನ್ನು ತತ್ವದ ಪಕ್ಕ ಇಟ್ಟು ಎರಡೂ ಹೊಂದೋದಿಲ್ಲ ಎನ್ನುತ್ತದೆ. ಎರಡನೆಯದಕ್ಕೆ ಆ ವ್ಯವಧಾನ ಇಲ್ಲ. ಈಕೆ ಜನಕ್ಕೆ ಸುಳ್ಳು ಹೇಳಿದಾಳೆ ಎಂದು ನೇರವಾಗಿ ಹೇಳಿಬಿಡುತ್ತದೆ. ನನಗೆ ಎರಡನೆಯದೇ ಹತ್ತಿರ. ಕೊಲೆಯಾದ ಮನೆಯ ಮುಂದೆ ನಿಂತು ‘ಮೌಲ್ಯಗಳ ಸಂಘರ್ಷ’ ಎಂದು ಮಾತಾಡೋದು ಪಂಡಿತರ ಅಭ್ಯಾಸ. ಇನ್ನೊಂದನ್ನೂ ಗಮನಿಸಿ: ಖಾಯಂ ಕೆಲಸ ಇಲ್ಲದವನು ಇದ್ದ ಕೆಲಸ ಬಿಟ್ಟ, ಖಾಯಂ ಇದ್ದವರು ಸಹಿ ಹಾಕಿದರು. ಸಹಿ ಹಾಕಿದವರನ್ನು ಹೀಯಾಳಿಸಲು ಇದನ್ನು ಹೇಳುತ್ತಿಲ್ಲ. ಪ್ರತಿಭಟನೆಯ ಬೆಲೆ ಯಾರ ಜೇಬಿನಿಂದ ಹೋಗುತ್ತದೆ ಅನ್ನೋದು ಎಲ್ಲಾ ಊರಲ್ಲೂ ಒಂದೇ ಥರ ಅಂತ ಹೇಳುತ್ತಿದ್ದೇನೆ.

ಸುಳ್ಳು ಅಂದರೆ ಯಾವ ಸುಳ್ಳು? 2002ರ ಸೆಪ್ಟೆಂಬರ್ 8ರಂದು, ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿಯಾಗಿದ್ದ ರೈಸ್ ಟಿವಿಯಲ್ಲಿ ಕೂತು, ಸದ್ದಾಂ ತರಿಸಿಕೊಂಡ ಅಲ್ಯೂಮಿನಿಯಂ ಕೊಳವೆಗಳು ಅಣ್ವಸ್ತ್ರದ ಕೆಲಸಕ್ಕೇ ಹೊಂದುವಂಥವು ಎಂದರು. ಸಾಕ್ಷಿಗೆ ಕಾಯುತ್ತಾ ಕೂತರೆ ಅದು ಅಣಬೆ ಮೋಡವಾಗಿ ಬಂದೀತು ಎಂದು ಹೆದರಿಸಿದರು. ಆಕೆಯದೇ ಸರ್ಕಾರದ ಇಂಧನ ಇಲಾಖೆಯ ತಜ್ಞರು ಆ ಕೊಳವೆಗಳ ಬಗ್ಗೆ ಅದಾಗಲೇ ಅನುಮಾನ ಹೇಳಿದ್ದರು. 2003ರ ಮಾರ್ಚಿನಲ್ಲಿ ಬಾಂಬು ಬಿದ್ದವು. 2004ರಲ್ಲಿ ಅಮೆರಿಕದ ಸ್ವಂತ ತನಿಖಾ ತಂಡವೇ ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂದು ವರದಿ ಕೊಟ್ಟಿತು. ಆ ಯುದ್ಧದಲ್ಲಿ ಸತ್ತ ನಾಗರಿಕರು, ಲೆಕ್ಕಕ್ಕೆ ಸಿಕ್ಕವರೇ ಲಕ್ಷ ದಾಟುತ್ತಾರೆ.

ಇಷ್ಟಾದ ಮೇಲೂ ಒಂದು ಮಾತು ಬರುತ್ತದೆ, ಅದೂ ನಮ್ಮೋರ ಬಾಯಿಂದಲೇ. “ಅಲ್ಲಣ್ಣ, ಆಕೆ ಎಲ್ಲಿಂದ ಬಂದೋಳು ನೋಡು. ಬಿಳಿ ಮಂತ್ರಿಗಳಿಗೆ ಇಂಥ ಪದವಿ ಕೊಟ್ಟಾಗ ಸುಮ್ಮನಿದ್ದೋರು ಒಬ್ಬ ಕಪ್ಪು ಹೆಣ್ಣಿಗೆ ಕೊಟ್ಟಾಗ ಯಾಕೆ ಕೂಗಬೇಕು?” ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ನಮ್ಮ ಕೇರಿಯಿಂದ ಒಬ್ಬ ಮೇಲೆ ಹೋದರೆ ಅವನ ತಪ್ಪು ಹುಡುಕಲು ಊರೆಲ್ಲ ಭೂತಕನ್ನಡಿ ಹಿಡಿದು ನಿಲ್ಲೋದನ್ನು ಕಂಡೋರು ನಾವು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದ ಒಂದೇ ಮಾತಿಗೆ ಎಷ್ಟು ಬೆಂಕಿ ಎದ್ದಿತು, ಅವರ ಮಂತ್ರಿಗಿರಿ ಹೇಗೆ ಹೋಯಿತು ಅನ್ನೋದನ್ನು ಮರೆತಿಲ್ಲ.

ಹಾಗಾದರೆ ಆಕೆ ಎಲ್ಲಿಂದ ಬಂದರು ಅನ್ನೋದನ್ನೇ ನೋಡೋಣ. ಅಲಬಾಮಾದ ಬರ್ಮಿಂಗ್‌ಹ್ಯಾಮ್. 1954ರಲ್ಲಿ ಹುಟ್ಟು. 1963ರ ಸೆಪ್ಟೆಂಬರ್ 15ರ ಭಾನುವಾರ, ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಿಳಿ ಕೊಲೆಗಡುಕರು ಇಟ್ಟ ಬಾಂಬಿಗೆ ನಾಲ್ಕು ಹೆಣ್ಣುಮಕ್ಕಳು ಸತ್ತರು. ಅವರಲ್ಲಿ 11 ವರ್ಷದ ಡೆನಿಸ್ ಮೆಕ್‌ನೇರ್ ರೈಸ್ ಅವರ ಜೊತೆ ಆಡಿ ಬೆಳೆದ ಗೆಳತಿ. ಆಗ ರೈಸ್‌ಗೆ 8 ವರ್ಷ. ಈ ನೋವು ಸುಳ್ಳಲ್ಲ. ಅದರ ಮುಂದೆ ನಾವು ತಲೆ ತಗ್ಗಿಸಿಯೇ ನಿಲ್ಲಬೇಕು.

ಆದರೆ ಆ ನೋವನ್ನು ಆಕೆ ಏನು ಮಾಡಿದರು? 2003ರ ಆಗಸ್ಟಿನಲ್ಲಿ, ಇರಾಕಿನ ಮೇಲೆ ದಾಳಿಯಾಗಿ ಐದು ತಿಂಗಳಾಗುವ ಹೊತ್ತಿಗೆ, ಡಲಾಸಿನಲ್ಲಿ ಕಪ್ಪು ಪತ್ರಕರ್ತರ ಸಂಘದ ಮುಂದೆ ಮಾತಾಡಿದರು. ಕೆಲವು ಜನ ಸ್ವಾತಂತ್ರ್ಯಕ್ಕೆ ಇನ್ನೂ ತಯಾರಿಲ್ಲ ಅನ್ನೋ ಮಾತು 1963ರ ಬರ್ಮಿಂಗ್‌ಹ್ಯಾಮಿನಲ್ಲಿ ತಪ್ಪಾಗಿತ್ತು, 2003ರ ಬಾಗ್ದಾದಿನಲ್ಲೂ ತಪ್ಪು ಎಂದರು. ಕೇಳೋಕೆ ಎಷ್ಟು ಚಂದ! ಆದರೆ ಬರ್ಮಿಂಗ್‌ಹ್ಯಾಮಿನ ಮಕ್ಕಳ ಮೇಲೆ ಬಾಂಬು ಬಿತ್ತು, ಬಾಗ್ದಾದಿನ ಮಕ್ಕಳ ಮೇಲೂ ಬಾಂಬು ಬಿತ್ತು. ಎರಡೂ ಊರನ್ನು ಒಂದೇ ವಾಕ್ಯದಲ್ಲಿ ತಂದ ಆಕೆಗೆ ಈ ಹೋಲಿಕೆ ಕಾಣಲಿಲ್ಲ. ಸತ್ತ ಗೆಳತಿಯ ಊರು ಬದುಕಿರುವ ಮಕ್ಕಳ ಮೇಲಿನ ದಾಳಿಗೆ ಸಮರ್ಥನೆಯಾಯಿತು. ನನ್ನ ತಕರಾರು ಇರೋದು ಇಲ್ಲಿ. ಅವಮಾನ ಉಂಡವರ ನೆನಪು ಒಂದು ಕೇರಿಯ ಒಟ್ಟು ಆಸ್ತಿ. ಒಬ್ಬರು ಅದನ್ನು ಒಯ್ದು ದಣಿಯ ಮನೆಯಲ್ಲಿ ಅಡವಿಡಲು ಬರೋದಿಲ್ಲ.

ದಣಿಗಳು ಸುಮ್ಮನೆ ಮೆಚ್ಚಲಿಲ್ಲ. 1991ರಿಂದ 2001ರವರೆಗೆ ಆಕೆ ಶೆವ್ರಾನ್ ತೈಲ ಕಂಪನಿಯ ನಿರ್ದೇಶಕಿ. ಕಂಪನಿ ತನ್ನ ಒಂದು ತೈಲ ಹಡಗಿಗೇ ‘ಕಾಂಡೊಲೀಸಾ ರೈಸ್’ ಎಂದು ಹೆಸರಿಟ್ಟಿತ್ತು. ಆಕೆ ಶ್ವೇತಭವನ ಸೇರಿದ ಮೇಲೆ, 2001ರಲ್ಲಿ, ಆ ಹೆಸರನ್ನು ಅಳಿಸಿ ಬೇರೆ ಹೆಸರು ಬರೆದರು. ಒಂದು ಕಾಲದಲ್ಲಿ ಕಪ್ಪು ಜನರನ್ನು ಹಡಗಿನ ತಳದಲ್ಲಿ ಸಂಕೋಲೆ ಹಾಕಿ ಸಾಗಿಸಿದ ಸಮುದ್ರ ಅದು. ಈಗ ಒಬ್ಬ ಕಪ್ಪು ಹೆಣ್ಣಿನ ಹೆಸರು ಹಡಗಿನ ಹೊರಮೈ ಮೇಲೆ. ಪ್ರಗತಿ ಅಂದರೆ ಇದೇನಾ?

ಅದೇ ಬರ್ಮಿಂಗ್‌ಹ್ಯಾಮಿನಲ್ಲಿ ಹತ್ತು ವರ್ಷ ಮೊದಲು, 1944ರಲ್ಲಿ, ಇನ್ನೊಬ್ಬಳು ಹುಟ್ಟಿದ್ದಳು: ಏಂಜೆಲಾ ಡೇವಿಸ್. ಅದೇ ಬಾಂಬುಗಳ ಸದ್ದು ಕೇಳುತ್ತ ಬೆಳೆದವಳು. ಆಕೆಯೂ ಓದಿದಳು, ಮೇಷ್ಟ್ರಾದಳು. ಕಮ್ಯುನಿಸ್ಟ್ ಎಂಬ ಕಾರಣಕ್ಕೆ 1969ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಆಕೆಯನ್ನು ಕೆಲಸದಿಂದ ತೆಗೆಯಿತು. ಒಂದೇ ಊರು, ಒಂದೇ ಬಣ್ಣ, ಒಂದೇ ಗಾಯ. ಒಬ್ಬಳಿಗೆ ವಜಾ ಪತ್ರ, ಇನ್ನೊಬ್ಬಳಿಗೆ ನಿಲುವಂಗಿ. ವಿಶ್ವವಿದ್ಯಾಲಯಗಳು ಬಣ್ಣವನ್ನು ಗೌರವಿಸುತ್ತವೋ, ವಿಧೇಯತೆಯನ್ನು ಗೌರವಿಸುತ್ತವೋ ತಿಳಿಯಲು ಇದಕ್ಕಿಂತ ಸಾಕ್ಷಿ ಬೇಕೆ?

ಆ ಪದವಿಯ ಹೆಸರನ್ನೂ ನೋಡಿ: ಕಾನೂನಿನ ಡಾಕ್ಟರೇಟ್. 1952ರ ಜೂನಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಬಾಬಾಸಾಹೇಬರಿಗೆ ಕೊಟ್ಟದ್ದೂ ಇದೇ ಗೌರವ ಪದವಿ. ಆಗ ಅವರ ಕೈಯಲ್ಲಿ ಏನಿತ್ತು? ಹಿಂದೂ ಕೋಡ್ ಬಿಲ್ಲಿನ ವಿಷಯದಲ್ಲಿ ನೊಂದು 1951ರಲ್ಲಿ ಮಂತ್ರಿ ಪದವಿ ಬಿಟ್ಟಿದ್ದರು. ಮುಂದಿನ ಚುನಾವಣೆಯಲ್ಲಿ ಸೋತಿದ್ದರು. ಕುರ್ಚಿ ಇಲ್ಲದ ಮನುಷ್ಯನಿಗೆ, ಸಂವಿಧಾನ ಕಟ್ಟಿಕೊಟ್ಟದ್ದಕ್ಕೆ ಬಂದ ಗೌರವ ಅದು. ಇತ್ತ ರೈಸ್? ಬಂಧಿತನ ಮೇಲೆ ಸಿಐಎ ತಾನು ಯೋಚಿಸಿದ್ದ ವಿಚಾರಣಾ ಕ್ರಮಗಳನ್ನು ಬಳಸಬಹುದು, ಕಾನೂನು ಇಲಾಖೆ ಒಪ್ಪಿದರೆ ಸಾಕು ಎಂದು 2002ರ ಜುಲೈನಲ್ಲಿ ಆಕೆ ಒಪ್ಪಿಗೆ ಕೊಟ್ಟದ್ದು 2009ರಲ್ಲಿ ಸೆನೆಟ್ ಸಮಿತಿಯ ದಾಖಲೆಯಿಂದ ಹೊರಗೆ ಬಂತು. ಮಾರನೇ ತಿಂಗಳಲ್ಲೇ ಅಬು ಜುಬೈದಾ ಎಂಬ ಬಂಧಿತನ ಮುಖಕ್ಕೆ ಬಟ್ಟೆ ಹಾಕಿ ನೀರು ಸುರಿದು ಉಸಿರುಗಟ್ಟಿಸಿದರು, ಕನಿಷ್ಠ 83 ಸಲ. ಪದವಿ ಕೊಟ್ಟಾಗ ಈ ಒಪ್ಪಿಗೆ ಬಯಲಾಗಿರಲಿಲ್ಲ, ನಿಜ. ಆದರೆ ಅಬು ಘ್ರೈಬ್ ಜೈಲಿನ ಚಿತ್ರಗಳನ್ನು 2004ರಲ್ಲೇ ಲೋಕವೆಲ್ಲ ನೋಡಿತ್ತು. ಕಾಲೇಜಿನ ಪಾದ್ರಿಗಳೂ ನೋಡಿರಬೇಕಲ್ಲ?

2014ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯ ಮತ್ತೆ ಆಕೆಯನ್ನು ಘಟಿಕೋತ್ಸವಕ್ಕೆ ಕರೆಯಿತು. ಭಾಷಣಕ್ಕೆ 35,000 ಡಾಲರ್, ಜೊತೆಗೆ ಇನ್ನೊಂದು ಗೌರವ ಡಾಕ್ಟರೇಟ್. ಅಧ್ಯಾಪಕರು ನಿರ್ಣಯ ಮಾಡಿದರು, ವಿದ್ಯಾರ್ಥಿಗಳು ಆಡಳಿತ ಕಟ್ಟಡದಲ್ಲಿ ಕೂತರು, ಮೇ 3ರಂದು ರೈಸ್ ತಾವೇ ಹಿಂದೆ ಸರಿದರು. ಎರಡು ವರ್ಷದ ಮೇಲೆ ಅದೇ ವೇದಿಕೆಯಲ್ಲಿ ಒಬಾಮಾ, ಹಾಗೆ ಮಾಡಿದ್ದು ಸರಿಯಲ್ಲ, ಒಪ್ಪದವರ ಮಾತನ್ನೂ ಕೇಳಬೇಕು ಎಂದು ಬುದ್ಧಿ ಹೇಳಿದರು. ಕೇಳೋಣ ಸ್ವಾಮಿ, ಯಾರು ಬೇಡ ಅಂದರು? ಎದುರಿಗೆ ಕೂರಿಸಿ, ಇರಾಕಿನ ಒಬ್ಬ ತಾಯಿಯನ್ನೂ ಪಕ್ಕದಲ್ಲಿ ಕೂರಿಸಿ, ಪ್ರಶ್ನೆ ಕೇಳೋಕೆ ಬಿಡಿ, ದಿನಪೂರ್ತಿ ಕೇಳೋಣ. ಘಟಿಕೋತ್ಸವದಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ. ಅಲ್ಲಿ ಚಪ್ಪಾಳೆಗೆ ಮಾತ್ರ ಜಾಗ. ಅದಕ್ಕೇ ಆ ಹುಡುಗರಿಗೆ ಉಳಿದದ್ದು ಬೆನ್ನು.

ನಮ್ಮಲ್ಲೂ ಶಾಲುಗಳಿಗೆ ಬರ ಇಲ್ಲ. ನಮ್ಮ ಕೇರಿಯ ಮಗನ ಹೆಗಲಿಗೆ ಒಂದು ಶಾಲು ಬಿದ್ದರೆ ಕಣ್ಣು ತುಂಬಿ ಬರುತ್ತದೆ, ಬರಲಿ. ಶತಮಾನಗಟ್ಟಲೆ ಅಂಗವಸ್ತ್ರ ಹಾಕಿಕೊಳ್ಳಲೂ ಹೆದರಿದ ಹೆಗಲು ಅದು. ಆದರೆ ಕಣ್ಣೊರೆಸಿಕೊಂಡ ಮೇಲೆ ಮೂರು ಪ್ರಶ್ನೆ ಕೇಳೋದನ್ನು ಕಲಿಯೋಣ. ಹೊದಿಸಿದವರು ಯಾರು? ಯಾವ ಕೆಲಸಕ್ಕೆ ಹೊದಿಸಿದರು? ಆ ಕೆಲಸದಿಂದ ಯಾರ ಮನೆಯಲ್ಲಿ ಹೆಣ ಬಿತ್ತು? ಮೂರನೆಯದಕ್ಕೆ ಉತ್ತರ ಸಿಕ್ಕರೆ, ಹೆಗಲು ನಮ್ಮದೇ ಆಗಿದ್ದರೂ ಬೆನ್ನು ತಿರುಗಿಸಿ ನಿಲ್ಲಬೇಕು. ನಮ್ಮದಾಗಿದ್ದರೆ ಮೊದಲು ನಾವೇ ನಿಲ್ಲಬೇಕು.