ಹಿಮಾಲಯ ದಾಟಿ ಬರುವ ಹೆಬ್ಬಾತು

ಪುಣೆ ಬಳಿಯ ದೇಹೂ ರೋಡಿನಲ್ಲಿ ಪೆಟ್ಟಿಗೆಯಿಂದ ಸ್ವೆಟರ್ ಹೊರಬರುವ ಮೊದಲೇ ಸಿಪಿಲೆ ಹಕ್ಕಿಗಳು ಬಂದಿರುತ್ತವೆ. ಇಂದ್ರಾಯಣಿ ನದಿಯ ದಂಡೆಯಲ್ಲಿ ಬಾಲ ಕುಣಿಸುತ್ತ ಹುಳ ಹೆಕ್ಕುತ್ತವೆ. ಚಳಿಗಾಲದ ದೊಡ್ಡ ಅತಿಥಿಯನ್ನು ಕಾಣಲು ಮಾತ್ರ ನೀರಿನ ಜಾಡು ಹಿಡಿದು ಮುಂದೆ ಹೋಗಬೇಕು. ಇಂದ್ರಾಯಣಿ ತುಳಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆಗೆ ಕಟ್ಟಿದ ಉಜನಿ ಜಲಾಶಯದ ಹಿನ್ನೀರಿನಲ್ಲಿ, ಭಿಗವಣದ ಬಳಿ, ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ.

ಮಂಗೋಲಿಯ, ಟಿಬೆಟ್‌ಗಳ ಸರೋವರಗಳು ಇವುಗಳ ತವರು. ಅಲ್ಲಿ ನೀರು ಹೆಪ್ಪುಗಟ್ಟುವ ಮುನ್ನವೇ ಹೊರಟು ಹಿಮಾಲಯ ದಾಟುತ್ತವೆ. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಷ್ಟು ತೆಳುವಾದ ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ಹಿಮೋಗ್ಲೋಬಿನ್ ಇವುಗಳ ರಕ್ತದಲ್ಲಿದೆ. ಅದಕ್ಕಿಂತ ನನಗೆ ಮೆಚ್ಚುಗೆಯಾದದ್ದು ಇವುಗಳ ಜಾಣತನ. ಒಂದೇ ಎತ್ತರಕ್ಕೆ ಅಂಟಿಕೊಳ್ಳದೆ, ಘಾಟಿ ಬಲ್ಲ ಲಾರಿ ಚಾಲಕನಂತೆ, ಬೆಟ್ಟ ಏರಿದಲ್ಲಿ ಏರಿ ಇಳಿದಲ್ಲಿ ಇಳಿಯುತ್ತವೆ; ಕೆಳಗಿನ ದಟ್ಟ ಗಾಳಿಯಲ್ಲಿ ರೆಕ್ಕೆಗೆ ಶ್ರಮ ಕಡಿಮೆ. ರಾತ್ರಿಯ ತಂಪು ಗಾಳಿಯ ಲಾಭವನ್ನೂ ಬಿಡುವುದಿಲ್ಲ.

ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇದೇ ಹಕ್ಕಿ ಚಳಿಗಾಲ ಕಳೆಯಲು ಬರುತ್ತದೆ. ಆ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿತು. ಗುರುತು ಹಿಡಿಯುವುದು ಸುಲಭ: ಬಿಳಿ ತಲೆ, ಅದರ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಊರಿಗೆ ಹೊರಟ ಪುಣೆ ಕನ್ನಡಿಗರು ಬ್ಯಾಗಿನಲ್ಲಿ ದುರ್ಬೀನು ಇಟ್ಟುಕೊಂಡರೆ ನಷ್ಟವಿಲ್ಲ.